ಕಾಲು ಮೊದಲೋ, ಚಕ್ರ ಮೊದಲೋ

ಹೋದ ತಿಂಗಳು ಅಂಕೋಲೆಯ ಒಂದು ಮದುವೆಗೆ ವಿಡಿಯೋ ಮಾಡಲು ಬಾಡಿಗೆ ಕಾರಿನಲ್ಲಿ ಹೊರಟಿದ್ದೆ. ಅರಬೈಲ್ ಘಟ್ಟದ ಮಧ್ಯೆ ಭಾರದ ಲಾರಿಯೊಂದು ನಿಂತುಬಿಟ್ಟಿತ್ತು. ಅದರ ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಕಾದ ಬ್ರೇಕಿನ ಘಾಟು ನಮ್ಮ ಕಾರಿನೊಳಗೂ ತುಂಬಿತು. ಚಾಲಕರು ಮೂಗು ಮುಚ್ಚಿಕೊಂಡು ಗಾಜು ಏರಿಸಲು ಹೋದರು. "ಇರಲಿ ಬಿಡಿ, ಸ್ವಲ್ಪ ಹೊತ್ತು ತೆರೆದೇ ಇರಲಿ" ಎಂದೆ. ಅವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಗಾಜನ್ನು ಹಾಗೇ ಬಿಟ್ಟರು. ಆ ಘಾಟಿನಲ್ಲಿ ಎಂಥ ಸುಖವಿದೆ ಎಂದು ಅವರಿಗೆ ಹೇಗೆ ಹೇಳಲಿ? ಎರಡು ವರ್ಷದ ಹಿಂದಿನ ಒಂದು ಇಡೀ ಚಳಿಗಾಲ ನನ್ನ ಸೀರೆಗೆ, ಕೂದಲಿಗೆ, ಕ್ಯಾಮೆರಾದ ಚೀಲಕ್ಕೆ ಅದೇ ವಾಸನೆ ಹತ್ತಿಕೊಂಡಿತ್ತು. ನನ್ನ ಬದುಕಿನಲ್ಲಿ ನಾನು ಅಷ್ಟು ನಕ್ಕ ಚಳಿಗಾಲ ಇನ್ನೊಂದಿಲ್ಲ.

ಸಿರಸಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಇವುಗಳ ವಿಡಿಯೋ ಮಾಡುವುದು, ಕೂತು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ದೀಪಾವಳಿ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ ವೈಶಾಲಿ ಮೆಟ್ಟಿಲು ಹತ್ತಿ ಬಂದಳು. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಈಗ ಅವಳು ಯಲ್ಲಾಪುರದಲ್ಲಿ ಹಲ್ಲಿನ ಡಾಕ್ಟರು. ವಾರದಲ್ಲಿ ಆರು ದಿನ ಜನರ ಬಾಯೊಳಗೆ ಬಗ್ಗಿ ನೋಡುವ ಅವಳು ಬಿಡುವಿದ್ದಾಗಲೆಲ್ಲ ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗಳಲ್ಲಿ ಕಾರು ಓಡಿಸುತ್ತಾಳೆ. ಒಂದೊಂದೇ ಕಾರನ್ನು ಬಿಡುತ್ತಾರೆ, ಸುತ್ತು ಮುಗಿಸಲು ಹಿಡಿದ ಸಮಯ ಲೆಕ್ಕ. ಅದಕ್ಕೆಂದೇ ಒಂದು ಹಳೆಯ ಸಣ್ಣ ಕಾರನ್ನು ಕೊಂಡು, ತನ್ನದೊಂದು ಬಿಟ್ಟು ಉಳಿದ ಸೀಟುಗಳನ್ನೆಲ್ಲ ಕಿತ್ತು, ಒಳಗೆ ಕಬ್ಬಿಣದ ಪೈಪಿನ ಪಂಜರ ಕೂರಿಸಿಕೊಂಡಿದ್ದಳು.

"ಶೈಲಾ, ನೀನು ಮದುವೇಲಿ ಅಕ್ಷತೆ ಕಾಳು ಬೀಳೂದನ್ನ ನಿಧಾನ ಮಾಡಿ ತೋರಿಸ್ತೆ ಅಲ್ದಾ, ಆ ಕ್ಯಾಮೆರಾ ಎಂಗೆ ಬೇಕು" ಎಂದಳು. ನಮ್ಮ ಹವ್ಯಕ ಮಾತಿನಲ್ಲಿ ಎಂಗೆ ಎಂದರೆ ನನಗೆ, ಆನು ಎಂದರೆ ನಾನು.

"ಯಾರ ಮದುವೆನೇ?"

"ಮದುವೆ ಅಲ್ದೇ. ಕಾರಿನ ಅಡಿಗೆ ಕಟ್ಟವು."

ಕಾರಿನ ಅಡಿಗೆ ಕ್ಯಾಮೆರಾ ಕಟ್ಟಬೇಕಂತೆ! ನನಗೆ ನಗು ಬಂತು. ಅವಳು ನಗಲಿಲ್ಲ. ಕೂತು, ನಾನು ಕೊಟ್ಟ ಚಹಾವನ್ನು ಮುಟ್ಟದೆ, ಹಿಂದಿನ ವರ್ಷದ ಕತೆ ಹೇಳಿದಳು. ಘಟ್ಟದ ಕೆಳಗಿನ ಒಂದು ಊರಿನ ಓಟದಲ್ಲಿ, ಸಾಲಾಗಿ ಉಬ್ಬುತಗ್ಗು ಇದ್ದ ಒಂದು ತಿರುವಿನಲ್ಲಿ, ಕಾರಿನ ಹಿಂಭಾಗ ಇದ್ದಕ್ಕಿದ್ದಂತೆ ಹೊರಕ್ಕೆ ಜಾರಿ ಕಾರು ಮಗುಚಿಬಿದ್ದಿತ್ತು. ಪಂಜರ ಇದ್ದದ್ದರಿಂದ ಅವಳಿಗೆ ಹೆಚ್ಚೇನೂ ಆಗಿರಲಿಲ್ಲ. ಆದರೆ ಅಲ್ಲಿ ಇದ್ದವರೆಲ್ಲ ಒಂದೇ ಮಾತು ಹೇಳಿದರಂತೆ: ಹೆಂಗಸು, ಹೆದರಿ ಆಕ್ಸಲರೇಟರಿನಿಂದ ಕಾಲು ಎತ್ತಿದಳು. ಮುಂದಿನ ಚಕ್ರಗಳು ಎಳೆಯುವ ಇಂಥ ಕಾರಿನಲ್ಲಿ ತಿರುವಿನ ನಡುವೆ ಥಟ್ಟನೆ ಕಾಲು ಎತ್ತಿದರೆ ಭಾರ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಗಿ ಜಾರುವುದು ನಿಜವೇ. ಅದಾದ ಮೇಲೆ ಉಬ್ಬುತಗ್ಗಿನ ತಿರುವು ಬಂದಾಗಲೆಲ್ಲ ಅದೇ ಜಾರಾಟ. ಕಾರಿನ ಹಿಂದಿನಿಂದ ಢಬ್ ಎಂಬ ಸದ್ದು, ಕೂಡಲೇ ಜಾರುವುದು, ಅವಳ ಕಾಲೂ ಮೇಲೆ.

"ಮೊದ್ಲು ಎನ್ನ ಕಾಲು ಎದ್ದಿದ್ದಾ, ಅಲ್ಲ ಚಕ್ರ ಎದ್ದಿದ್ದಾ? ಅದು ಎಂಗೇ ಗೊತ್ತಿಲ್ಲೆ ಶೈಲಾ. ರಾಶಿ ಬೇಗ ಆಗಿಹೋಗ್ತು. ಎಲ್ಲರೂ ಹೇಳಿ ಹೇಳಿ, ಈಗ ಎಂಗೂ ಆನೇ ಹೆದರುಪುಕ್ಕಿ ಹೇಳಿ ಅನ್ಸಲೆ ಹಿಡದ್ದು. ಬಾಯಿ ತೆರೆಸಿ ನೋಡದ್ದೆ ಆನು ಯಾರ ಹಲ್ಲನ್ನೂ ಮುಟ್ತ್ನಿಲ್ಲೆ. ಇದನ್ನೂ ಒಳಗೆ ನೋಡವು. ನೋಡಿದ ಮೇಲೆ ಎನ್ನದೇ ತಪ್ಪು ಹೇಳಿ ಆದ್ರೆ, ಕಾರು ಮಾರಿ ಸುಮ್ನೆ ಕೂರ್ತೆ."

ಅವಳು ಹಾಗೆ ಹೇಳಿದ್ದೇ ನನಗೆ ತಡೆಯಲಾಗಲಿಲ್ಲ. ಹತ್ತನೇ ಇಯತ್ತೆಯಲ್ಲಿ ಶಾಲೆಯ ಹಿಂದಿನ ಎತ್ತರದ ಮಣ್ಣಿನ ಧರೆಯಿಂದ ಎಲ್ಲರಿಗಿಂತ ಮೊದಲು ಹಾರುತ್ತಿದ್ದವಳು ಇವಳು. ಅಂದೇ ಮಧ್ಯಾಹ್ನ ಇಬ್ಬರೂ ಇಕ್ಬಾಲನ ಗ್ಯಾರೇಜಿಗೆ ಹೋದೆವು.

ಇಕ್ಬಾಲ್ ಸಿರಸಿಯವನೇ. ವೈಶಾಲಿಯ ಕಾರನ್ನು ಕಟ್ಟಿದವನು, ನಮಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವನು, ಆ ಕಾರನ್ನು ಮಗಳ ಹಾಗೆ ನೋಡಿಕೊಳ್ಳುವವನು. ಹೊಂಡ ಹಾರಿದಾಗ ಚಕ್ರದ ಕುಲುಕನ್ನು ನುಂಗುವ ಕೊಳವೆಯಂಥ ಸಾಧನಕ್ಕೆ ಗ್ಯಾರೇಜಿನವರು ಶಾಕಪ್ ಎನ್ನುತ್ತಾರೆ. ವೈಶಾಲಿಯ ಕಾರಿಗೆ ಹಾಕಿದ್ದ ಶಾಕಪ್ಪಿನಲ್ಲಿ ಒಂದು ಸಣ್ಣ ತಿರುಪಿತ್ತು. ಮೇಲೆದ್ದ ಚಕ್ರ ಎಷ್ಟು ಬೇಗ ವಾಪಸು ಕೆಳಗಿಳಿಯಬೇಕು ಎಂಬುದನ್ನು ಅದರಿಂದ ಬಿಗಿ ಅಥವಾ ಸಡಿಲ ಮಾಡಬಹುದಿತ್ತು. ಬಿಗಿ ಮಾಡಿದಷ್ಟೂ ಚಕ್ರ ಇಳಿಯುವುದು ನಿಧಾನ. ಢಬ್ ಎಂಬ ಸದ್ದು ಕೇಳಿದಾಗಲೆಲ್ಲ, ಗಾಡಿ ಮೆತ್ತಗಾಗಿದೆ, ಕುಸಿಯುತ್ತಿದೆ ಎಂದು ಇಕ್ಬಾಲ್ ಅದನ್ನು ಬಿಗಿ ಮಾಡುತ್ತ ಬಂದಿದ್ದ.

"ಕ್ಯಾಮೆರಾ ಯಾಕ್ರೀ ಅಕ್ಕಾ? ನನ್ನ ಕಿವಿ ಇದೆಯಲ್ಲ" ಎಂದ ಮೊದಲಿಗೆ. ಆಮೇಲೆ ವೈಶಾಲಿಯ ಮುಖ ನೋಡಿ, "ಆಯ್ತು, ಕಟ್ಟೋಣ. ಆದ್ರೆ ನನ್ನ ಗಾಡಿಗೆ ಗೀರು ಬೀಳಬಾರದು" ಎಂದ.

ಓಡಿಸಲು ಜಾಗ ಸಿಕ್ಕಿದ್ದು ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿ. ಅಲ್ಲಿ ಮಂಜಣ್ಣ ಎನ್ನುವವರ ಸ್ವಂತ ಜಮೀನಿನಲ್ಲಿ ಹಿಂದೆ ಕೆಂಪು ಚಿರೆಕಲ್ಲು ತೆಗೆಯುತ್ತಿದ್ದರು. ಕಲ್ಲು ಮುಗಿದು ಕೆಲಸ ನಿಂತಿತ್ತು. ಆದರೆ ಲಾರಿಗಳು ಓಡಿ ಓಡಿ ಅಲೆಅಲೆಯಾದ ಮಣ್ಣಿನ ರಸ್ತೆ ಹಾಗೇ ಉಳಿದಿತ್ತು, ಅದರ ತುದಿಯಲ್ಲಿ ವೈಶಾಲಿಗೆ ಬೇಕಾದಂಥದ್ದೇ ಒಂದು ಎಡ ತಿರುವೂ ಇತ್ತು. ಮಂಜಣ್ಣನ ಹೆಂಡತಿ ನಾಗಕ್ಕ ವೈಶಾಲಿಯ ಹತ್ತಿರ ಹಲ್ಲು ಕಟ್ಟಿಸಿಕೊಂಡವರು. ಗದ್ದೆ ಕೊಯ್ಲು ಮುಗಿದು ಹುಲ್ಲು ಬಣವೆ ಸೇರಲಿ, ಆಮೇಲೆ ಎಷ್ಟು ಬೇಕಾದರೂ ಓಡಿಸಿಕೊಳ್ಳಿ ಎಂದರು ಗಂಡಹೆಂಡತಿ. ಆಮೇಲೆ ಭಾನುವಾರ ಬಂತೆಂದರೆ ನಾವು ಅಲ್ಲಿ.

ಮೊದಮೊದಲ ವಿಡಿಯೋಗಳನ್ನು ನೋಡಿದರೆ ಈಗಲೂ ನಗು. ಮೊದಲನೆಯದರಲ್ಲಿ ಕೆಂಪು ಧೂಳು ಬಿಟ್ಟರೆ ಏನೂ ಇಲ್ಲ. ಎರಡನೆಯದರಲ್ಲಿ ಚಕ್ರವೂ ಸ್ಪ್ರಿಂಗೂ ಗಾಳಿಗೆ ಸಿಕ್ಕ ಪರದೆಯ ಹಾಗೆ ಬಳುಕುತ್ತಿದ್ದವು. ಯಾವುದು ಕಾರಿನ ಅಲುಗಾಟ, ಯಾವುದು ಕ್ಯಾಮೆರಾದ ನಡುಕ ಎಂದು ತಿಳಿಯುವಂತಿರಲಿಲ್ಲ. ಮೂರನೆಯ ಸಲ ಹಿಡಿಕೆ ಸಡಿಲಾಗಿ ಕ್ಯಾಮೆರಾ ಕೆಳಗೆ ಬಿತ್ತು. ಆಕಾಶ, ಮರದ ತುದಿ, ಮತ್ತೆ ಆಕಾಶ, ಆಮೇಲೆ ದೊಡ್ಡದಾಗುತ್ತ ಬರುವ ಹಿಂದಿನ ಟಯರು. ಅಲ್ಲಿಗೆ ಕತ್ತಲೆ.

"ನಿನ್ನ ಕ್ಯಾಮೆರಾ ವೀರಮರಣ ಹೊಂದಿತು" ಎಂದಳು ವೈಶಾಲಿ, ತುಂಡುಗಳನ್ನು ಎರಡೂ ಕೈಯಲ್ಲಿ ಹಿಡಿದು ತಂದು. ನನಗೆ ಅಳು ಬರಬೇಕಿತ್ತು. ಅವಳ ಮುಖದ ತುಂಬ ಧೂಳು, ಕಣ್ಣಿನ ಸುತ್ತ ಮಾತ್ರ ಬಿಳಿ. ನಗದೆ ಇರಲು ಆಗಲಿಲ್ಲ.

ಆಮೇಲೆ ಇಕ್ಬಾಲನಿಗೆ ಹಟ ಬಂತು. ದಪ್ಪ ಕಬ್ಬಿಣದ ತಗಡೊಂದನ್ನು ಕತ್ತರಿಸಿ ಕಾರಿನ ತಳದ ಗಟ್ಟಿ ಜಾಗಕ್ಕೆ ಬೆಸೆದು ಅದಕ್ಕೇ ನಾನು ತಂದ ಹೊಸ ಕ್ಯಾಮೆರಾ ಕೂರಿಸಿದ. ನಡುಕ ಅರ್ಧಕ್ಕರ್ಧ ನಿಂತಿತು. ಚಕ್ರದ ಗೂಡಿನೊಳಗೆ ಕತ್ತಲೆ ಎಂದು ನಾನು ಸಣ್ಣದೊಂದು ಎಲ್‌ಇಡಿ ದೀಪ ತಂದೆ. ಬೆಳಕು ಸಿಕ್ಕಿದ ಮೇಲೆ ಒಂದೊಂದು ಚಿತ್ರವನ್ನೂ ತೀರಾ ಕಡಿಮೆ ಹೊತ್ತಿನಲ್ಲಿ ಹಿಡಿಯುವಂತೆ ಕ್ಯಾಮೆರಾಕ್ಕೆ ಹೇಳಿದೆ, ಮಸುಕು ಹೋಯಿತು. ಕೆಸರು, ಕಲ್ಲು ಎರಚದಿರಲು ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ಕ್ಯಾಮೆರಾದ ಎದುರು ಟೊಪ್ಪಿಗೆಯಂತೆ ಕಟ್ಟಿದೆವು. ಪ್ಲಾಸ್ಟಿಕ್ಕಿಗಿಂತ ಅದೇ ಹೆಚ್ಚು ಬಾಳಿತು. ಚಕ್ರದ ಜೊತೆ ಮೇಲೆ ಕೆಳಗೆ ಆಡುವ ಕಬ್ಬಿಣದ ತೋಳಿಗೆ ಬಿಳಿ ಬಣ್ಣದ ಒಂದು ಪಟ್ಟೆ ಬಳಿದೆವು. ಅದರ ಪಕ್ಕ ಕಾರಿನ ಮೈಗೆ ದರ್ಜಿಯ ಟೇಪಿನ ಒಂದು ತುಂಡು ಅಂಟಿಸಿದೆವು. ಈಗ ಪಟ್ಟೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಕಣ್ಣಿಗೆ ಕಾಣುವಂತಾಯಿತು.

ಎಲ್ಲ ಸರಿಯಾಯಿತು ಅನ್ನುವಾಗ ವೈಶಾಲಿ ಇನ್ನೊಂದು ಕ್ಯಾಮೆರಾ ಕೇಳಿದಳು.

"ಇನ್ನೊಂದು ಎಲ್ಲಿಗೇ?"

"ಎನ್ನ ಕಾಲಿಗೆ" ಎಂದಳು. ಆಕ್ಸಲರೇಟರಿನ ಪೆಡಲು ಕಾಣುವಂತೆ ಅದನ್ನು ಅವಳೇ ಬಗ್ಗಿ ಕಟ್ಟಿದಳು. ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. ನಾನು ನೋಡಿಯೂ ನೋಡದಂತೆ ದೀಪದ ತಂತಿ ಸರಿಮಾಡುತ್ತ ನಿಂತೆ.

ಎರಡೂ ಕ್ಯಾಮೆರಾ ಚಾಲೂ ಮಾಡಿ, ಎರಡಕ್ಕೂ ಕೇಳುವಂತೆ ಇಕ್ಬಾಲ್ ಕಾರಿನ ಮೈಗೆ ಸ್ಪ್ಯಾನರಿನಿಂದ ಒಮ್ಮೆ ಟಣ್ ಎಂದು ಹೊಡೆದ. ಆ ಸದ್ದನ್ನು ಹಿಡಿದು ಎರಡು ವಿಡಿಯೋಗಳನ್ನೂ ಒಂದೇ ಕ್ಷಣಕ್ಕೆ ಹೊಂದಿಸುವುದು ನನ್ನ ಕೆಲಸ. ಮಂಜಣ್ಣ ರಸ್ತೆಯ ಈ ತುದಿಯಲ್ಲಿ, ನಾನು ಆ ತುದಿಯಲ್ಲಿ ಸೀಟಿ ಹಿಡಿದು ಎಮ್ಮೆ ನುಗ್ಗದಂತೆ ಕಾವಲು ನಿಂತೆವು. ವೈಶಾಲಿ ಹೋದಳು. ಅಲೆಯಂಥ ರಸ್ತೆಯ ಮೇಲೆ ಕಾರು ಗುಡುಗುತ್ತ ಬಂತು, ಎಡಕ್ಕೆ ಹೊರಳಿತು, ಢಬ್ ಎಂದಿತು, ಹಿಂಭಾಗ ಹೊರಕ್ಕೆ ಜಾರಿ ಕಾರು ಪೂರ್ತಿ ತಿರುಗಿ ಧೂಳಿನ ಮಧ್ಯೆ ನಿಂತಿತು. ಅವಳು ಇಳಿದು ಬಂದು ಹೆಲ್ಮೆಟ್ ತೆಗೆದು, "ಸಿಕ್ಕಿತಾ?" ಎಂದು ಮಾತ್ರ ಕೇಳಿದಳು.

ಮಂಜಣ್ಣನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದೆ. ಬಿಸಿಲು ಬೀಳದಂತೆ ನಾಗಕ್ಕ ಕಂಬಳಿಯೊಂದನ್ನು ಅಡ್ಡ ಹಿಡಿದರು. ಮೇಲೆ ಚಕ್ರ, ಕೆಳಗೆ ಕಾಲು, ಎರಡನ್ನೂ ಒಂದೇ ಪರದೆಯಲ್ಲಿ ಕೂರಿಸಿ ನಿಧಾನ ಮಾಡಿ ಬಿಟ್ಟೆ.

ಮೊದಲ ಉಬ್ಬು. ಬಿಳಿ ಪಟ್ಟೆ ಮೇಲೇರಿತು, ಇಳಿಯತೊಡಗಿತು. ಪೂರ್ತಿ ಇಳಿಯುವ ಮೊದಲೇ ಎರಡನೆಯ ಉಬ್ಬು ಬಂತು. ಪಟ್ಟೆ ಹಿಂದಿನದಕ್ಕಿಂತ ಮೇಲೆ ಹೋಯಿತು. ಮತ್ತೆ ಅರ್ಧ ಇಳಿಯಿತು, ಮತ್ತೆ ಉಬ್ಬು. ನಾನು ತಡೆದು, ಹಿಂದಕ್ಕೆ ಹೋಗಿ, ಮತ್ತೆ ಬಿಟ್ಟೆ. "ನೋಡಿ" ಎಂದೆ, "ಇದು ಕೆಳಗೆ ಬರ್ತಾನೇ ಇಲ್ಲ. ಪ್ರತಿ ಸಲ ಮೇಲೆ ಮೇಲೆ ಹೋಗ್ತಾ ಇದೆ." ತಿರುವಿನ ಹೊತ್ತಿಗೆ ಚಕ್ರಕ್ಕೆ ಏರಲು ಜಾಗವೇ ಉಳಿದಿರಲಿಲ್ಲ. ತೋಳು ಹೋಗಿ ಮೇಲೆ ತಡೆಗೆಂದು ಕೂರಿಸಿದ್ದ ರಬ್ಬರಿಗೆ ಬಡಿಯಿತು. ಅದೇ ಆ ಢಬ್. ಕಾರು ಎಗರಿತು, ಟಯರಿನ ಅಡಿಯಲ್ಲಿ ಬೆಳಕಿನ ಒಂದು ಸಣ್ಣ ಗೆರೆ ಕಂಡಿತು. ಚಕ್ರ ನೆಲ ಬಿಟ್ಟಿತ್ತು.

ಕೆಳಗಿನ ಚಿತ್ರದಲ್ಲಿ ವೈಶಾಲಿಯ ಬೂಟು ಪೆಡಲನ್ನು ಇನ್ನೂ ಒತ್ತಿಕೊಂಡೇ ಇತ್ತು.

ಒಂದೊಂದೇ ಚಿತ್ರ ಮುಂದೆ ತಳ್ಳಿದೆ. ಚಕ್ರ ಗಾಳಿಯಲ್ಲಿ, ಬೂಟು ಕೆಳಗೆ. ಚಕ್ರ ಗಾಳಿಯಲ್ಲಿ, ಬೂಟು ಕೆಳಗೆ. ಹಿಂಭಾಗ ಜಾರತೊಡಗಿದ ಮೇಲೆಯೇ ಬೂಟು ಮೇಲೆದ್ದಿತು.

ವೈಶಾಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. "ಅಳಡ ಮಾರಾಯ್ತಿ" ಎಂದು ಬೆನ್ನ ಮೇಲೆ ಕೈಯಿಟ್ಟೆ. ಅವಳು ಕೈ ತೆಗೆದರೆ, ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. "ಚಕ್ರ ಮೊದ್ಲು! ಶೈಲಾ, ಚಕ್ರ ಮೊದ್ಲು!" ಎಂದು ಜಗಲಿಯ ಮೇಲೆ ಕುಣಿದಳು. ನಾಗಕ್ಕ ಕಂಬಳಿ ಬಿಟ್ಟು ಅವಳ ಕೈ ಹಿಡಿದುಕೊಂಡರು.

ಇಕ್ಬಾಲ್ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. "ಇನ್ನೊಂದ್ಸಲ ಹಾಕಿ ಅಕ್ಕಾ" ಎಂದ. ಹಾಕಿದೆ. "ಇನ್ನೊಂದ್ಸಲ." ಕೊನೆಗೆ ಎದ್ದು ಅಂಗಳಕ್ಕೆ ಹೋಗಿ ಬೆನ್ನು ಮಾಡಿ ನಿಂತ. ವೈಶಾಲಿ ಅವನ ಹತ್ತಿರ ಹೋದಳು.

"ಗಾಡಿ ಮೆತ್ತಗಾಗಿದೆ ಅಂತ ಬಿಗಿ ಮಾಡ್ತಾ ಹೋದೆ ಡಾಕ್ಟ್ರೇ. ನಾನೇ ಅದರ ಉಸಿರು ಕಟ್ಟಿಸಿಬಿಟ್ಟೆ."

"ಸದ್ದು ಹಾಗೇ ಕೇಳ್ತಿತ್ತು ಇಕ್ಬಾಲ್. ನಾನೂ ನಿನ್ನ ಜಾಗದಲ್ಲಿದ್ರೆ ಅದನ್ನೇ ಮಾಡ್ತಿದ್ದೆ. ಈಗ ಕಂಡಿತಲ್ಲ?"

ಅವನು ಕಣ್ಣೊರೆಸಿಕೊಂಡು ಅಲ್ಲೇ ನೆಲದ ಮೇಲೆ ಮಲಗಿ ಕಾರಿನ ಅಡಿ ತೂರಿದ. ಆ ದಿನ ಸಂಜೆಯವರೆಗೂ ತಿರುಪನ್ನು ಸ್ವಲ್ಪ ಸ್ವಲ್ಪವೇ ಸಡಿಲ ಮಾಡುವುದು, ಓಡಿಸುವುದು, ನೋಡುವುದು. ಕಾದ ಬ್ರೇಕಿನ ಘಾಟು ನಮ್ಮ ಬಟ್ಟೆಗೆಲ್ಲ ಹತ್ತಿತು. ಪ್ರತಿ ಸಲವೂ ಬಿಳಿ ಪಟ್ಟೆ ಇನ್ನಷ್ಟು ಕೆಳಗಿಳಿಯತೊಡಗಿತು. ಕೊನೆಯ ಓಟದಲ್ಲಿ ಅದು ಪ್ರತಿ ತಗ್ಗಿನಲ್ಲೂ ಪೂರ್ತಿ ಇಳಿದು, ಪ್ರತಿ ಉಬ್ಬಿನಲ್ಲೂ ಬೇಕಾದಷ್ಟೇ ಏರಿ, ನೋಡಲು ಎಷ್ಟು ಚೆಂದವಿತ್ತೆಂದರೆ ಆ ತುಣುಕನ್ನು ನಾನು ಮನೆಗೆ ಹೋಗಿ ಸುಮ್ಮನೆ ಹಾಕಿಕೊಂಡು ಕೂತಿದ್ದೆ. ಢಬ್ ಎಂಬ ಸದ್ದು ಹೋಗಿಯೇಬಿಟ್ಟಿತ್ತು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ.

ಮುಂದಿನ ಭಾನುವಾರ ಅದೇ ತಿರುವಿನಲ್ಲಿ ಕಾರು ಮತ್ತೆ ಜಾರಿತು. ಇಕ್ಬಾಲನ ಮುಖ ಬಿಳಿಚಿಕೊಂಡಿತು. ಜಗಲಿಗೆ ಹೋಗಿ ವಿಡಿಯೋ ಹಾಕಿದೆ. ಚಕ್ರ ನೆಲದ ಮೇಲೆ ಗಟ್ಟಿಯಾಗಿ ಊರಿತ್ತು. ಹಿಂಭಾಗ ಜಾರುವ ಮೊದಲೇ ಬೂಟು ಎದ್ದಿತ್ತು.

ಇದನ್ನು ಅವಳಿಗೆ ಹೇಗೆ ತೋರಿಸಲಿ ಎಂದು ನಾನು ತಡವರಿಸುತ್ತಿದ್ದೆ. ಅವಳು ಬಗ್ಗಿ ತಾನೇ ನೋಡಿದಳು. "ಈಗ ಚಕ್ರದ ತಪ್ಪಿಲ್ಲೆ" ಎಂದಳು ಮೆಲ್ಲಗೆ. "ಈಗ ಎನ್ನ ಕಾಲೇ ಮೊದ್ಲು."

ಆಗ ನನಗೆ ನಿಜವಾಗಿ ಭಯವಾಯಿತು. ಕಾರು ಮಾರುತ್ತೇನೆ ಎಂದಿದ್ದಳಲ್ಲ. ಆದರೆ ಅವಳು ವಿಡಿಯೋ ನಿಲ್ಲಿಸಿ, "ಒಂದು ವರ್ಷ ಹಲ್ಲು ನೋವು ಇದ್ದವ್ವು, ನೋವು ಹೋದ ಮೇಲೂ ಆ ಬದಿಗೆ ಅಗಿತ್ವಿಲ್ಲೆ. ದಿನಾ ನೋಡ್ತೆ ಆನು. ಕಾಲಿಗೂ ಹಾಂಗೇ ಆಯ್ದು" ಎಂದಳು. "ಕಲಿಸವು."

ಕಲಿಸುವುದು ಸುಲಭವಿರಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ನಾಗಕ್ಕನ ಮುರುಗಲು ಹಣ್ಣಿನ ಪಾನಕ ಕುಡಿದದ್ದೆಷ್ಟೋ, ಮಂಜಣ್ಣ ಬೇಲಿಯಾಚೆಯ ಎಮ್ಮೆ ಓಡಿಸಿದ್ದೆಷ್ಟೋ. ವಿಡಿಯೋದಲ್ಲಿ ಅವಳ ಬೂಟು ಒಮ್ಮೆ ನಿಂತರೆ ಮುಂದಿನ ಸಲ ಎದ್ದಿರುತ್ತಿತ್ತು. ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. "ಒತ್ತಿಕೊಂಡೇ ಇದ್ದಿದ್ದೆ ಅಲ್ದನೇ?" ಎಂದು ಬರುವಳು, ನಾನು ಇಲ್ಲವೆಂದು ತಲೆಯಾಡಿಸುವೆನು.

ಒಂದು ಬೆಳಿಗ್ಗೆ ನಾಗಕ್ಕ ಸೆರಗು ಸಿಕ್ಕಿಸಿಕೊಂಡು ಬಂದು, "ಡಾಕ್ಟ್ರಮ್ಮಾ, ನೀವು ಇಷ್ಟು ದಿನ ನಮ್ಮ ಜಾಗದಲ್ಲಿ ಓಡಿಸಿದ್ರಿ, ನನ್ನ ಒಂದ್ಸಲವೂ ಕೂರಿಸ್ಕಂಡು ಹೋಗ್ಲಿಲ್ಲ" ಎಂದರು.

"ಬೇಡ್ವೇ, ಸೊಂಟ ಹಿಡಿತದೆ ನಿಂಗೆ" ಎಂದರು ಮಂಜಣ್ಣ.

"ನನ್ನ ಸೊಂಟದ ವಿಚಾರ ನಿಮಗ್ಯಾಕೆ? ನೀವು ಎಮ್ಮೆ ನೋಡಿಕೊಳ್ಳಿ."

ಪಕ್ಕದ ಸೀಟನ್ನು ಇಕ್ಬಾಲ್ ಮತ್ತೆ ಕೂರಿಸಿದ. ನಾಗಕ್ಕ ಅಡ್ಡ ಬಂದ ತುರುಬು ಬಿಚ್ಚಿಕೊಂಡ ಮೇಲೆ ಹೆಲ್ಮೆಟ್ ಹಾಕಿ, ನಾಲ್ಕೂ ಬೆಲ್ಟು ಬಿಗಿದ. ನಿಧಾನ ಹೋಗುತ್ತೇನೆಂದು ವೈಶಾಲಿ ಮಂಜಣ್ಣನಿಗೆ ಮಾತು ಕೊಟ್ಟು ಹೊರಟಳು. ನಾನು ತಿರುವಿನಿಂದ ದೂರದ ದಿಬ್ಬದ ಮೇಲೆ ನಿಂತಿದ್ದೆ. ಕಾರು ಕಾಣುವ ಮೊದಲೇ ನಾಗಕ್ಕನ ಕೂಗು ಕೇಳಿತು. ಹೆದರಿದರೇನೋ ಎಂದು ದಿಬ್ಬ ಇಳಿಯತೊಡಗಿದೆ. ಕಾರು ಹತ್ತಿರ ಬಂದಾಗ ಮಾತು ಸ್ಪಷ್ಟವಾಯಿತು.

"ಇನ್ನೂ ಜೋರು! ಡಾಕ್ಟ್ರಮ್ಮಾ, ಇನ್ನೂ ಜೋರು ಹೋಗ್ಲಿ!"

ಕಾರು ಅಲೆಗಳ ಮೇಲೆ ಓಡಿ, ತಿರುವಿಗೆ ಹೊರಳಿ, ಹಳಿಯ ಮೇಲಿದ್ದ ಹಾಗೆ ನೆಟ್ಟಗೆ ದಾಟಿಹೋಯಿತು. ಎಂಜಿನಿನ ಸದ್ದು ಒಂದು ಕೂದಲಿನಷ್ಟೂ ತಗ್ಗಲಿಲ್ಲ. ಹಿಂದೆ ಧೂಳು, ಧೂಳಿನ ಒಳಗಿಂದ ಇಬ್ಬರು ಹೆಂಗಸರ ನಗು. ಇಳಿದು ಬಂದ ನಾಗಕ್ಕ ಹೆಲ್ಮೆಟ್ ತೆಗೆಯಲೇ ಒಪ್ಪಲಿಲ್ಲ. "ಒಂದ್ಸಲ ಸಾಕಾಗೂದಿಲ್ಲ" ಎಂದರು. ವಿಡಿಯೋ ನೋಡಿದರೆ ಬೂಟು ಅಲುಗಿರಲಿಲ್ಲ. ಅಂದು ನಾಗಕ್ಕನನ್ನು ಕೂರಿಸಿಕೊಂಡು ಎಷ್ಟು ಸಲ ಓಡಿದಳೋ, ಒಮ್ಮೆಯೂ ಅಲುಗಲಿಲ್ಲ. ಮಂಜಣ್ಣ ಮಾತ್ರ ಊಟದ ಹೊತ್ತಿನವರೆಗೂ ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಊಟವಾದ ಮೇಲೆ ವೈಶಾಲಿಯ ಹತ್ತಿರ ಹೋಗಿ, "ನನಗೂ ಒಂದು ಸುತ್ತು ಆಗ್ತದಾ?" ಎಂದು ಕೇಳಿದರು.

ಬೇಸಿಗೆ ಕಾಲಿಡುವ ಹೊತ್ತಿಗೆ ಘಟ್ಟದ ಕೆಳಗಿನ ಅದೇ ಊರಿನಲ್ಲಿ ಓಟ. ಕಾರನ್ನು ಪಿಕಪ್ಪಿನ ಹಿಂದೆ ಎಳೆದುಕೊಂಡು ಹೋದೆವು. ಮಂಜಣ್ಣ, ನಾಗಕ್ಕ ಬಸ್ಸಿನಲ್ಲಿ ಬಂದರು. ನಾಗಕ್ಕ ಮಗನ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದರು. ಹೊರಡುವ ಗೆರೆಯ ಹತ್ತಿರ ನಾನು ಕ್ಯಾಮೆರಾಗಳನ್ನು ಚಾಲೂ ಮಾಡಲು ಬಗ್ಗಿದೆ. ವೈಶಾಲಿ ಪೆಡಲಿನ ಹತ್ತಿರದ್ದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಇದು ಇವತ್ತು ಬ್ಯಾಡ" ಎಂದಳು. ನಾನು ಅದನ್ನು ಚೀಲಕ್ಕೆ ಹಾಕಿದೆ.

ಬಾವುಟ ಬಿತ್ತು. ಮೊದಲ ತಿರುವು, ಉದ್ದನೆಯ ನೇರ, ಆಮೇಲೆ ಆ ಉಬ್ಬುತಗ್ಗಿನ ತಿರುವು. ಹಗ್ಗದ ಹಿಂದೆ ನನ್ನ ಪಕ್ಕ ನಿಂತಿದ್ದ ಇಕ್ಬಾಲ್ ಕಣ್ಣು ಮುಚ್ಚಿಕೊಂಡಿದ್ದ, ಕಿವಿ ಮಾತ್ರ ಕೊಟ್ಟಿದ್ದ. ಎಂಜಿನಿನ ಸದ್ದು ತುಂಡಾಗದೆ ಒಂದೇ ಎಳೆಯಾಗಿ ಬಂತು, ತಿರುವನ್ನು ಹಾದಿತು, ಆಚೆ ಹೋಯಿತು. ಅವನು ಕಣ್ಣು ತೆರೆದು, ನನ್ನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಂಡಿದ. ಅತ್ತ ನಾಗಕ್ಕ "ಇನ್ನೂ ಜೋರು!" ಎಂದು ಕೂಗುತ್ತಲೇ ಇದ್ದರು. ಅವರನ್ನು ನೋಡಿ ಸುತ್ತಲಿನವರೂ ಕೂಗತೊಡಗಿದರು.

ಅವಳು ಮೂರನೆಯವಳಾಗಿ ಬಂದಳು. ಗಂಡಸರೆಲ್ಲ ಸೇರಿದ್ದ ಓಟದಲ್ಲಿ ಮೂರನೆಯವಳು. ಬಹುಮಾನವಾಗಿ ಕೊಟ್ಟ ಕಪ್ಪನ್ನು ಇಕ್ಬಾಲನ ಕೈಗಿತ್ತಳು, ಅವನು ಅದನ್ನು ಮಂಜಣ್ಣನಿಗಿತ್ತ, ಊರಿಗೆ ಹೋಗುವ ಬಸ್ಸಿನಲ್ಲಿ ಅದು ನಾಗಕ್ಕನ ಮಡಿಲಲ್ಲಿ ಕೂತು ಹೋಯಿತು.

ನಾವು ಮೂವರು ಪಿಕಪ್ಪಿನಲ್ಲಿ ಘಟ್ಟ ಹತ್ತಿದೆವು. ಇಕ್ಬಾಲ್ ಓಡಿಸುತ್ತಿದ್ದ, ನಾನು ನಡುವೆ, ಕಿಟಕಿಯ ಹತ್ತಿರ ವೈಶಾಲಿ ಕಡಲೆ ತಿನ್ನುತ್ತಿದ್ದಳು. ಬಿಸಿಲು ಇಳಿಯುತ್ತಿತ್ತು. ಬಹಳ ಹೊತ್ತು ತಡೆದುಕೊಂಡಿದ್ದ ಇಕ್ಬಾಲ್ ಕೊನೆಗೂ ಕೇಳಿದ.

"ಡಾಕ್ಟ್ರೇ, ಕ್ಯಾಮೆರಾ ಬಿಚ್ಚಿಬಿಟ್ರಿ. ಆ ತಿರುವಿನಲ್ಲಿ ಕಾಲು ಎತ್ತಿದ್ರೋ ಇಲ್ಲವೋ, ನಿಜ ಹೇಳಿ."

ವೈಶಾಲಿ ಕಡಲೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. ನಿಜವಾಗಿಯೇ ಯೋಚಿಸಿದಳು, ಹುಬ್ಬು ಗಂಟಿಕ್ಕಿ. ಆಮೇಲೆ ನಮ್ಮಿಬ್ಬರನ್ನೂ ನೋಡಿ ಮುಖದ ತುಂಬ ನಕ್ಕಳು.

"ಕಾಲಾ? ಕಾಲಿನ ನೆನಪೇ ಬರ್ಲಿಲ್ಲ ಮಾರಾಯಾ."